ಉಬ್ಬಿದ ಡಬ್ಬಿಗಳು: ಆನ್ ಆಗದ ಮಾನಿಟರುಗಳ ಹಿಂದಿನ ಕತೆ

2005ರ ಆಸುಪಾಸಿನಲ್ಲಿ ಎಲ್‌ಸಿಡಿ ಮಾನಿಟರ್ ಕೊಂಡಿದ್ದ ಅನೇಕರಿಗೆ ಈ ದೃಶ್ಯ ನೆನಪಿರಬಹುದು. ನಿನ್ನೆ ರಾತ್ರಿಯವರೆಗೂ ಚೆನ್ನಾಗಿದ್ದ ಮಾನಿಟರ್ ಬೆಳಿಗ್ಗೆ ಗುಂಡಿ ಒತ್ತಿದರೆ ಏಳುವುದಿಲ್ಲ. ಮೂಲೆಯ ಹಸಿರು ದೀಪ ಒಮ್ಮೆ ಮಿನುಗಿ ಆರುತ್ತದೆ, ಮತ್ತೆ ಮಿನುಗುತ್ತದೆ. ಒಳಗಿನಿಂದ ಟಿಕ್ ಟಿಕ್ ಎಂಬ ಸಣ್ಣ ಸದ್ದು. ಹತ್ತು ನಿಮಿಷ ಹಾಗೇ ಬಿಟ್ಟರೆ ತಾನಾಗಿಯೇ ಎದ್ದು ಕೂರುತ್ತದೆ. ಮರುದಿನ ಅದಕ್ಕೆ ಅರ್ಧ ಗಂಟೆ ಬೇಕು. ಒಂದೆರಡು ವಾರ ಕಳೆದ ಮೇಲೆ ಏನು ಮಾಡಿದರೂ ಏಳುವುದಿಲ್ಲ.

ಆಗ ಎಲ್ಲರೂ ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ. ಮೊದಲು ಗೋಡೆಯ ಸ್ವಿಚ್ಚು ನೋಡುವುದು. ಆಮೇಲೆ ಪವರ್ ಕೇಬಲ್ ಕಿತ್ತು ಮತ್ತೆ ಒತ್ತಿ ಸಿಕ್ಕಿಸುವುದು. ಸಿಪಿಯುವಿಗೆ ಹಾಕಿದ್ದ ಕೇಬಲ್ಲೂ ಅದೇ ಬಗೆಯದಾದ್ದರಿಂದ ಅದನ್ನು ತೆಗೆದು ಇದಕ್ಕೆ ಹಾಕಿ ನೋಡುವುದು. ಇಷ್ಟಾದರೂ ಏಳದಿದ್ದರೆ ಮಾನಿಟರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಪೇಟೆಗೆ ಹೊರಡುವುದು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಮುಂಬೈಯವರಿಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದೆಹಲಿಯವರಿಗೆ ನೆಹರೂ ಪ್ಲೇಸ್, ಹೈದರಾಬಾದಿನವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಪುಣೆಯವರಿಗೆ ಪಾಸೋಡ್ಯಾ ವಿಠೋಬಾ ಗುಡಿಯ ಸುತ್ತಲಿನ ಅಂಗಡಿಗಳು.

ಅಲ್ಲಿ ಹಿಂದಿನ ಮುಚ್ಚಳ ಬಿಚ್ಚಿದ ಮೇಲೆ ದೋಷ ಹುಡುಕಲು ಅನೇಕ ಸಲ ಮೀಟರೂ ಬೇಕಾಗುತ್ತಿರಲಿಲ್ಲ. ಪವರ್ ಬೋರ್ಡಿನ ಮೇಲೆ ಪುಟ್ಟ ಪುಟ್ಟ ಅಲ್ಯುಮಿನಿಯಂ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಅವುಗಳ ತಲೆ ಚಪ್ಪಟೆಯಾಗಿರಬೇಕು. ಈ ಮಾನಿಟರಿನಲ್ಲಿ ಎರಡು ಮೂರು ಡಬ್ಬಿಗಳ ತಲೆ ಹೊಟ್ಟೆಯುಬ್ಬರ ಬಂದಂತೆ ಉಬ್ಬಿರುತ್ತಿತ್ತು. ಒಂದರ ತಲೆ ಬಿರಿದು ಕಂದು ಬಣ್ಣದ ಅಂಟು ಒಣಗಿ ಕೂತಿರುತ್ತಿತ್ತು. ಒಂದೊಂದೂ ಕೆಲವೇ ರೂಪಾಯಿ ಬೆಲೆಯ ಕೆಪಾಸಿಟರು. ಅಷ್ಟನ್ನು ಬೆಸುಗೆ ಬಿಡಿಸಿ ಹೊಸದು ಕೂರಿಸಿದರೆ ಸಾವಿರಾರು ರೂಪಾಯಿಯ ಮಾನಿಟರ್ ಮತ್ತೆ ಬೆಳಗುತ್ತಿತ್ತು.

ಕೆಪಾಸಿಟರ್ ಕೆಡುವುದು ಹೊಸದೇನಲ್ಲ. ಆದರೆ ಹೆಚ್ಚುಕಡಿಮೆ 1999ರಿಂದ 2007ರ ನಡುವೆ ತಯಾರಾದ ಮದರ್‌ಬೋರ್ಡು, ಮಾನಿಟರು, ಟಿವಿ, ಪವರ್ ಸಪ್ಲೈಗಳಲ್ಲಿ ಅವು ಲೋಕದಾದ್ಯಂತ ಗುಂಪು ಗುಂಪಾಗಿ, ಆಯಸ್ಸು ಮುಗಿಯುವ ಮೊದಲೇ ಕೆಟ್ಟವು. ಇಂಗ್ಲಿಷಿನಲ್ಲಿ ಇದಕ್ಕೆ ಕೆಪಾಸಿಟರ್ ಪ್ಲೇಗ್ ಎಂಬ ಹೆಸರು ಬಿತ್ತು. ಆ ಹೆಸರು ಎಷ್ಟು ಸರಿ ಎಂಬುದನ್ನು ನೋಡಲು ಮೊದಲು ಡಬ್ಬಿಯೊಳಗೆ ಏನಿದೆ ಎಂದು ನೋಡಬೇಕು.

ಡಬ್ಬಿಯ ಒಳಗೆ

ಈ ಬಗೆಯ ಕೆಪಾಸಿಟರಿನ ಮೂಲ 19ನೇ ಶತಮಾನದ ಕೊನೆಯಲ್ಲಿದೆ. ಕರೋಲ್ ಪೊಲ್ಲಾಕ್ ಎಂಬ ಪೋಲಿಷ್ ಎಂಜಿನಿಯರ್ ಅಲ್ಯುಮಿನಿಯಂ ಮೇಲೆ ಕಟ್ಟುವ ಆಕ್ಸೈಡ್ ಪೊರೆಯ ಗುಣವನ್ನು ಗಮನಿಸಿ 1896ರಲ್ಲಿ ಅದರ ಆಧಾರದ ಕೆಪಾಸಿಟರಿಗೆ ಪೇಟೆಂಟ್ ಕೋರಿದ. ಆ ಪೊರೆ ವಿದ್ಯುತ್ತನ್ನು ತಡೆಯುತ್ತದೆ, ಆದರೂ ಬಹಳ ತೆಳು. ಇವತ್ತಿನ ಕೆಪಾಸಿಟರುಗಳಲ್ಲೂ ಅದು ಪ್ರತಿ ವೋಲ್ಟಿಗೆ ಸುಮಾರು ಒಂದೂವರೆ ನ್ಯಾನೋಮೀಟರಿನಷ್ಟೇ ಬೆಳೆಯುತ್ತದೆ. ಮಾನಿಟರಿನ ಸಣ್ಣ ಕೆಪಾಸಿಟರುಗಳಲ್ಲಿ ಪೊರೆಯ ದಪ್ಪ ತಲೆಗೂದಲಿನ ಸಾವಿರದ ಒಂದು ಪಾಲನ್ನೂ ಮುಟ್ಟುವುದಿಲ್ಲ. ತಡೆ ಇಷ್ಟು ತೆಳುವಾಗಿರುವುದರಿಂದಲೇ ಬೆರಳ ತುದಿಯಷ್ಟು ಜಾಗದಲ್ಲಿ ಬಹಳಷ್ಟು ವಿದ್ಯುದಾವೇಶ ಹಿಡಿಸುತ್ತದೆ.

ಡಬ್ಬಿಯನ್ನು ಕತ್ತರಿಸಿದರೆ ಚಾಪೆಯಂತೆ ಸುತ್ತಿದ ಎರಡು ಅಲ್ಯುಮಿನಿಯಂ ಹಾಳೆಗಳು ಸಿಗುತ್ತವೆ. ಅವುಗಳ ನಡುವೆ ದ್ರವದಲ್ಲಿ ನೆನೆಸಿದ ಕಾಗದ. ಈ ದ್ರವವೇ ಎಲೆಕ್ಟ್ರೋಲೈಟ್. ಅದು ವಿದ್ಯುತ್ತನ್ನು ಪೊರೆಯ ಅಂಚಿನವರೆಗೆ ಒಯ್ಯುತ್ತದೆ, ಪೊರೆಯಲ್ಲಿ ಸಣ್ಣ ತೂತು ಬಿದ್ದರೆ ಅಲ್ಲಿ ಹೊಸ ಆಕ್ಸೈಡ್ ಕಟ್ಟಿಕೊಳ್ಳಲು ಆಮ್ಲಜನಕ ಒದಗಿಸುತ್ತದೆ. ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಭಾಗ ಇದು. ದ್ರವ ಸರಿಯಿರುವವರೆಗೆ ಮಾತ್ರ.

ಮಾನಿಟರಿಗೆ ಇದು ಯಾಕೆ ಬೇಕು? ಗೋಡೆಯಿಂದ ಬರುವ 230 ವೋಲ್ಟಿನ ಎಸಿ ಕರೆಂಟನ್ನು ಪವರ್ ಬೋರ್ಡು ಮೊದಲು 300 ವೋಲ್ಟಿಗೂ ಮೀರಿದ ಡಿಸಿಯಾಗಿ ಮಾಡಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ, 5 ವೋಲ್ಟು, 12 ವೋಲ್ಟಿನಂಥ ಕಡಿಮೆ ಒತ್ತಡಕ್ಕೆ ಇಳಿಸುತ್ತದೆ. ಹೀಗೆ ಕತ್ತರಿಸಿ ತಂದ ಕರೆಂಟು ಏರಿಳಿತದ ಅಲೆಗಳಾಗಿ ಬರುತ್ತದೆ. ಆ ಅಲೆಗಳನ್ನು ಸಮತಟ್ಟು ಮಾಡುವುದು ಹೊರದಾರಿಯಲ್ಲಿ ನಿಂತ ಸಣ್ಣ ಕೆಪಾಸಿಟರುಗಳ ಕೆಲಸ. ಎಲೆಕ್ಟ್ರೋಲೈಟ್ ಕೆಟ್ಟರೆ ಅವುಗಳ ಒಳತಡೆ ಏರುತ್ತದೆ, ಅಲೆಗಳು ಹಾಗೇ ಉಳಿಯುತ್ತವೆ. ಕಾವಲಿನ ಚಿಪ್ಪು ಇದು ಅಪಾಯ ಎಂದು ಬಗೆದು ಎಲ್ಲವನ್ನೂ ಆರಿಸುತ್ತದೆ, ಒಂದು ಕ್ಷಣ ಬಿಟ್ಟು ಮತ್ತೆ ಯತ್ನಿಸುತ್ತದೆ. ಮಿನುಗುವ ಹಸಿರು ದೀಪ, ಟಿಕ್ ಟಿಕ್ ಸದ್ದು ಎರಡೂ ಈ ಯತ್ನದವು. ಬೋರ್ಡು ಸ್ವಲ್ಪ ಬೆಚ್ಚಗಾದಾಗ ದ್ರವದ ತಡೆ ಇಳಿಯುತ್ತದೆ, ಮಾನಿಟರ್ ಏಳುತ್ತದೆ. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಹಾಯಿಸಿ ಮಾನಿಟರ್ ಎಬ್ಬಿಸಿದವರ ಕತೆಗಳಲ್ಲಿ ಉತ್ಪ್ರೇಕ್ಷೆಯಿರಲಿಲ್ಲ.

ಕೆಪಾಸಿಟರಿಗೂ ಸಹಜವಾದ ಆಯಸ್ಸಿದೆ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000 ಗಂಟೆ ಎಂದು ಬರೆದಿದ್ದರೆ ಅದು ಕಡಿಮೆಯೆನಿಸಬಹುದು. ಆದರೆ ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದೆ. 65 ಡಿಗ್ರಿಯಲ್ಲಿ ಅದೇ ಕೆಪಾಸಿಟರ್ 32,000 ಗಂಟೆ ಬಾಳಬೇಕು. ದಿನಕ್ಕೆ 10 ಗಂಟೆ ಮಾನಿಟರ್ ಹಾಕಿಟ್ಟರೂ ಅದು ಎಂಟು ವರ್ಷಕ್ಕೂ ಹೆಚ್ಚು. ಎರಡು ವರ್ಷಕ್ಕೇ ಕೈಕೊಟ್ಟ ಕೆಪಾಸಿಟರುಗಳ ಕತೆ ಈ ಲೆಕ್ಕದಲ್ಲಿ ಕೂರುವುದಿಲ್ಲ.

ನೀರಿನ ಆಸೆ

1990ರ ದಶಕದ ಕೊನೆಗೆ ಪ್ರೊಸೆಸರುಗಳ ವೇಗ ಹೆಚ್ಚಿ ಅವುಗಳ ಕರೆಂಟಿನ ಹಸಿವೂ ಹೆಚ್ಚಿತ್ತು. ಒಳತಡೆ ಬಹಳ ಕಡಿಮೆಯಿರುವ, ಆದರೆ ಅಗ್ಗವಾದ ಕೆಪಾಸಿಟರು ಬೇಕಾಗಿತ್ತು. ಜಪಾನಿನ ತಯಾರಕರು ಕಂಡುಕೊಂಡ ದಾರಿ ನೀರಿನದು. ಎಲೆಕ್ಟ್ರೋಲೈಟಿನಲ್ಲಿ ನೀರಿನ ಪಾಲು ಹೆಚ್ಚಿಸಿದರೆ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ನೀರಿಗಿಂತ ಅಗ್ಗದ ವಸ್ತು ಬೇರೆ ಯಾವುದಿದೆ?

ಆದರೆ ಅಲ್ಯುಮಿನಿಯಂಗೂ ನೀರಿಗೂ ಹೊಂದಿಕೆಯಿಲ್ಲ. ಪೊರೆ ಎಲ್ಲಾದರೂ ತೆಳುವಾದರೆ ನೀರು ಲೋಹವನ್ನು ಮುಟ್ಟಿ ಹೈಡ್ರಾಕ್ಸೈಡ್ ಮಾಡುತ್ತದೆ. ಆ ಕ್ರಿಯೆಯಲ್ಲಿ ಹೈಡ್ರೋಜನ್ ಅನಿಲ ಹೊರಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಅನಿಲಕ್ಕೆ ಹೋಗಲು ದಾರಿಯಿಲ್ಲ, ಹಾಗಾಗಿ ತಲೆ ಉಬ್ಬುತ್ತದೆ. ಡಬ್ಬಿಯ ತಲೆಯ ಮೇಲೆ ಕೂಡುಗೆರೆಯಂತೆಯೋ ಗುಣಾಕಾರದ ಗುರುತಿನಂತೆಯೋ ಕೊರೆದ ಗೀರುಗಳಿರುವುದು ಇದಕ್ಕೇ. ಒತ್ತಡ ಮಿತಿ ಮೀರಿದಾಗ ಡಬ್ಬಿ ಸಿಡಿಯದೆ, ಆ ಗೀರಿನಲ್ಲಿ ಬಿರಿದು ಉಸಿರು ಬಿಡಲಿ ಎಂದು.

ಹಾಗಾಗಿ ನೀರು ಹೆಚ್ಚಿರುವ ಎಲೆಕ್ಟ್ರೋಲೈಟಿಗೆ ಲೋಹವನ್ನು ಕಾಯುವ ಬೇರೆ ರಾಸಾಯನಿಕಗಳನ್ನು ಹದವಾಗಿ ಬೆರೆಸಬೇಕು. ಆ ಹದ ತಪ್ಪಿದರೂ ಕೆಪಾಸಿಟರ್ ಕಾರ್ಖಾನೆಯ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಅಂಗಡಿಯಲ್ಲೂ ಪಾಸಾಗುತ್ತದೆ. ಕೊಂಡವರ ಮೇಜಿನ ಮೇಲೆ ತಿಂಗಳುಗಟ್ಟಲೆ ಬಿಸಿಯಲ್ಲಿ ಬೆಂದ ಮೇಲಷ್ಟೇ ದೋಷ ಹೊರಗೆ ಬರುತ್ತದೆ. ಅಷ್ಟರಲ್ಲಿ ಅಂಥದೇ ಲಕ್ಷಗಟ್ಟಲೆ ಡಬ್ಬಿಗಳು ಮಾರಾಟವಾಗಿರುತ್ತವೆ.

ಕದ್ದ ಸೂತ್ರ

2002ರಲ್ಲಿ ಎಲೆಕ್ಟ್ರಾನಿಕ್ಸ್ ಉದ್ಯಮದ ಪತ್ರಿಕೆಗಳಲ್ಲಿ ತೈವಾನಿನ ಕೆಪಾಸಿಟರುಗಳ ಬಗ್ಗೆ ವರದಿಗಳು ಬಂದವು. 2003ರ ಫೆಬ್ರವರಿಯಲ್ಲಿ ಅಮೆರಿಕದ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಈ ಸುದ್ದಿಯನ್ನು ವಿಸ್ತಾರವಾಗಿ ಬರೆಯಿತು. ಅಲ್ಲಿ ಬಂದ ಕತೆ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯದಲ್ಲ. ಜಪಾನಿನ ಕಂಪನಿಯಲ್ಲಿದ್ದ ವಿಜ್ಞಾನಿಯೊಬ್ಬ ಎಲೆಕ್ಟ್ರೋಲೈಟಿನ ಸೂತ್ರವನ್ನು ಕದ್ದು ಚೀನಾದಲ್ಲಿದ್ದ ತೈವಾನಿ ಕಂಪನಿಗೆ ಸೇರುತ್ತಾನೆ. ಅಲ್ಲಿಂದ ಆ ಸೂತ್ರ ತೈವಾನಿನ ಇನ್ನೊಂದು ತಯಾರಕರ ಕೈಗೆ ಮಾರಾಟವಾಗುತ್ತದೆ. ಆದರೆ ಕದ್ದ ಸೂತ್ರ ಅಪೂರ್ಣ. ಲೋಹವನ್ನು ಕಾಯುವ ಮುಖ್ಯ ಅಂಶವೇ ಅದರಲ್ಲಿಲ್ಲ.

ಈ ಕತೆ ಬಹುಬೇಗ ಹರಡಿತು, ಇವತ್ತಿಗೂ ಹೇಳಲಾಗುತ್ತಿದೆ. ಅದರಲ್ಲಿ ಕಳ್ಳನಿದ್ದಾನೆ, ಕಳ್ಳತನಕ್ಕೆ ತಕ್ಕ ಶಾಸ್ತಿಯಿದೆ. ಅಡುಗೆಯ ಗುಟ್ಟು ಕದ್ದವನ ಸಾರು ಕೆಟ್ಟಿತು ಎಂಬಂಥ ಸಮಾಧಾನವೂ ಇದೆ.

ಆದರೆ ನಡೆದದ್ದೆಲ್ಲ ಈ ಕತೆಯೊಳಗೆ ಹಿಡಿಸುವುದಿಲ್ಲ. ಅಗ್ಗದ ಹೊಸ ತಯಾರಕರದು ಮಾತ್ರವಲ್ಲ, ಜಪಾನಿನ ಹೆಸರಾಂತ ಕಂಪನಿಯೊಂದರ ಕೆಪಾಸಿಟರುಗಳೂ ಅದೇ ವರ್ಷಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಕೆಟ್ಟವು. 2007ಕ್ಕೆ ಮುಗಿಯಿತು ಎನ್ನಲಾದ ಪಿಡುಗಿನ ಆಚೆಗೂ, ಬಿಸಿಯಾಗುವ ಭಾಗದ ಪಕ್ಕದಲ್ಲೇ ಕೂರಿಸಿದ ಅಥವಾ 12 ವೋಲ್ಟಿನ ಜಾಗಕ್ಕೆ ಹೆಚ್ಚು ಅಂತರವಿಲ್ಲದ 16 ವೋಲ್ಟಿನದೇ ಸಾಕೆಂದು ಹಾಕಿದ ಕೆಪಾಸಿಟರುಗಳು ಸೊರಗುತ್ತಲೇ ಇದ್ದವು. ಸೂತ್ರ ಕದ್ದವನು ಒಬ್ಬನಿದ್ದಿರಬಹುದು. ಅಗ್ಗದ ಭಾಗವನ್ನು ಸರಿಯಾಗಿ ಪರೀಕ್ಷಿಸದೆ ಕೊಂಡವರು, ಬಿಸಿಗಾಳಿಗೆ ದಾರಿಯಿಲ್ಲದ ತೆಳು ಪೆಟ್ಟಿಗೆಯೊಳಗೆ ಅದನ್ನು ತುರುಕಿದವರು ಬಹಳ ಮಂದಿ.

ಮೌನದ ಲೆಕ್ಕ

ದೋಷ ಗೊತ್ತಾದ ಮೇಲೆ ಕಂಪನಿಗಳು ಏನು ಮಾಡಿದವು? ಈ ಪ್ರಶ್ನೆಗೆ ಒಂದು ಉತ್ತರ ಅಮೆರಿಕದ ನ್ಯಾಯಾಲಯದ ದಾಖಲೆಗಳಲ್ಲಿದೆ. 2007ರಲ್ಲಿ ಉತ್ತರ ಕೆರೊಲಿನಾದ ಇಂಟರ್ನೆಟ್ ಸೇವೆಯ ಕಂಪನಿಯೊಂದು ಡೆಲ್ ವಿರುದ್ಧ ದಾವೆ ಹೂಡಿತು. ತಾನು ಕೊಂಡ ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳು ಸಾಲುಸಾಲಾಗಿ ಕೆಟ್ಟವೆಂಬುದು ಅದರ ದೂರು. ಆ ಮೊಕದ್ದಮೆಯ ಕಾಗದಪತ್ರಗಳು ಬಹಿರಂಗವಾದ ಮೇಲೆ 2010ರ ಜೂನಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಅವುಗಳ ಬಗ್ಗೆ ದೀರ್ಘ ವರದಿ ಪ್ರಕಟಿಸಿತು. 2003ರ ಮೇ ತಿಂಗಳಿಂದ 2005ರ ಜುಲೈವರೆಗೆ ಡೆಲ್ ಕಳುಹಿಸಿದ್ದ, ತೊಂದರೆಯ ಸಾಧ್ಯತೆಯಿದ್ದ ಯಂತ್ರಗಳ ಸಂಖ್ಯೆ ಕನಿಷ್ಠ 1.18 ಕೋಟಿ. ಕೆಟ್ಟ ಕೆಪಾಸಿಟರುಗಳಿದ್ದ ಯಂತ್ರಗಳು ಮೂರು ವರ್ಷಗಳಲ್ಲಿ ಶೇಕಡಾ 97ರವರೆಗೂ ತೊಂದರೆ ಕೊಡಬಹುದೆಂದು ಒಂದು ಅಧ್ಯಯನ ಅಂದಾಜಿಸಿತ್ತು. 2005ರಲ್ಲಿ ಕಂಪನಿ ಈ ದುರಸ್ತಿಗಳ ಲೆಕ್ಕಕ್ಕೆಂದು 30 ಕೋಟಿ ಡಾಲರ್ ಬದಿಗಿಟ್ಟಿತ್ತು. ಹೀಗಿದ್ದೂ, ಈ ವಿಷಯವನ್ನು ತಾವಾಗಿಯೇ ಗ್ರಾಹಕರ ಗಮನಕ್ಕೆ ತರಬಾರದೆಂಬ ಸೂಚನೆ ಒಳಗಿನ ಪತ್ರವ್ಯವಹಾರದಲ್ಲಿತ್ತು.

ಆ ವರದಿಯಲ್ಲಿರುವ ಎರಡು ಪ್ರಸಂಗಗಳು ಅಂಕಿಗಳಿಗಿಂತ ಹೆಚ್ಚು ಹೇಳುತ್ತವೆ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಈ ಯಂತ್ರಗಳು ಕೆಟ್ಟವು. ಪರಿಶೀಲಿಸಿದ ಕಂಪನಿ ಕೊಟ್ಟ ಕಾರಣ, ಕಷ್ಟದ ಲೆಕ್ಕಗಳನ್ನು ಮಾಡಿಸಿ ಯಂತ್ರಗಳನ್ನು ಅತಿಯಾಗಿ ದುಡಿಸಿದ್ದೀರಿ ಎಂಬುದು. ಲೆಕ್ಕ ಮಾಡಲೆಂದೇ ಹುಟ್ಟಿದ ಯಂತ್ರದ ಬಗ್ಗೆ ಈ ಮಾತು! ಇನ್ನೊಂದರಲ್ಲಿ, ಡೆಲ್ ಪರವಾಗಿ ವಾದಿಸುತ್ತಿದ್ದ ವಕೀಲರ ಸಂಸ್ಥೆಯ ಕಚೇರಿಯಲ್ಲೇ ಇಂಥ ಸಾವಿರ ಯಂತ್ರಗಳ ತಕರಾರು ಎದ್ದಿತ್ತು.

ಎಲ್ಲರೂ ಒಂದೇ ರೀತಿ ನಡೆದುಕೊಳ್ಳಲಿಲ್ಲ. ಮದರ್‌ಬೋರ್ಡ್ ತಯಾರಿಸುತ್ತಿದ್ದ ಎಬಿಟ್ ತನ್ನ ಬೋರ್ಡುಗಳಲ್ಲಿ ಕೆಟ್ಟ ಕೆಪಾಸಿಟರುಗಳಿದ್ದದ್ದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಆಪಲ್, ಪರದೆಯೂ ಕಂಪ್ಯೂಟರೂ ಒಂದೇ ಪೆಟ್ಟಿಗೆಯಲ್ಲಿದ್ದ ಐಮ್ಯಾಕ್ ಜಿ5ರ ಕೆಲವು ಮಾದರಿಗಳಿಗೆ, ಪವರ್ ಬಾರದಿದ್ದರೆ ಅಥವಾ ಚಿತ್ರ ಮೂಡದಿದ್ದರೆ ವಾರಂಟಿ ಮುಗಿದಿದ್ದರೂ ಉಚಿತವಾಗಿ ಸರಿಪಡಿಸುವ ಯೋಜನೆ ತಂದಿತು. ಸ್ಯಾಮ್‌ಸಂಗ್ 2008ರವರೆಗೆ ಅಮೆರಿಕದಲ್ಲಿ ಮಾರಾಟವಾದ ಕೆಲವು ಟಿವಿಗಳ ಕುರಿತ ಮೊಕದ್ದಮೆಯಲ್ಲಿ 2012ರಲ್ಲಿ ರಾಜಿಯಾಗಿ ದುರಸ್ತಿಗೆ ಒಪ್ಪಿತು. ಆ ಟಿವಿಗಳ ಲಕ್ಷಣಗಳೂ ಅವೇ: ತಡವಾಗಿ ಏಳುವುದು, ಟಿಕ್ ಟಿಕ್ ಸದ್ದು, ಕೊನೆಗೆ ಏಳದೇ ಇರುವುದು.

ಈ ಪರಿಹಾರಗಳ ಲಾಭ ಸಿಕ್ಕಿದ್ದು ವಿಷಯ ತಿಳಿದವರಿಗೆ. ಎರಡು ವರ್ಷ ಹತ್ತು ತಿಂಗಳಿಗೆ ಮಾನಿಟರ್ ಆರಿಹೋದ ಸಾಮಾನ್ಯ ಗ್ರಾಹಕ ತನ್ನ ಮನೆಯ ವೋಲ್ಟೇಜನ್ನೋ, ಮಕ್ಕಳು ಗುಂಡಿ ಒತ್ತಿದ ರೀತಿಯನ್ನೋ ದೂರಿದ. ದೋಷ ಒಬ್ಬೊಬ್ಬರ ಮನೆಯಲ್ಲಿ ಒಂದೊಂದಾಗಿ ಕಾಣಿಸಿಕೊಂಡಾಗ ಅದು ದುರದೃಷ್ಟದಂತೆ ತೋರುತ್ತದೆ. ಒಟ್ಟಾಗಿ ಎಣಿಸಿದಾಗ ಮಾತ್ರ ಅದು ತಯಾರಿಕೆಯ ದೋಷ ಎಂದು ಗೊತ್ತಾಗುತ್ತದೆ. ಎಣಿಕೆ ಕಂಪನಿಗಳ ಬಳಿ ಇತ್ತು.

ಎಣಿಸಿದ ಇನ್ನೊಬ್ಬರು

ಎಣಿಕೆ ಇನ್ನೊಂದು ಕಡೆಯೂ ಇತ್ತು: ರಿಪೇರಿ ಅಂಗಡಿಗಳಲ್ಲಿ. ಒಂದೇ ವಾರದಲ್ಲಿ ಒಂದೇ ಮಾದರಿಯ ಐದು ಮಾನಿಟರುಗಳು ಒಂದೇ ಜಾಗದಲ್ಲಿ ಉಬ್ಬಿದ ಡಬ್ಬಿಯೊಂದಿಗೆ ಮೇಜಿಗೆ ಬಂದಾಗ ಮೆಕ್ಯಾನಿಕ್‌ಗೆ ಯಾವ ಆಂತರಿಕ ವರದಿಯೂ ಬೇಕಾಗುವುದಿಲ್ಲ.

ಭಾರತ 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, 2005ರ ಹೊತ್ತಿಗೆ ಕಂಪ್ಯೂಟರ್ ಸಾಮಗ್ರಿಗಳ ಮೇಲಿನ ಆಮದು ಸುಂಕವನ್ನು ಸೊನ್ನೆಗೆ ಇಳಿಸಿತು. ಮಾನಿಟರುಗಳು ಅಗ್ಗವಾಗಿ ಮನೆಮನೆಗೆ ಬಂದದ್ದು ಆಗಲೇ. ಅವುಗಳೊಳಗೆ ಕೂತು ಈ ಕೆಪಾಸಿಟರುಗಳೂ ಬಂದವು. ಇಲ್ಲಿನ ಬಳಕೆದಾರನಿಗೆ ಅಮೆರಿಕದ ಮೊಕದ್ದಮೆಯ ರಾಜಿ ತಲುಪುವಂತಿರಲಿಲ್ಲ. ತಲುಪಿದ್ದು ಬೆಸುಗೆ ಕಡ್ಡಿ ಹಿಡಿದ ಕೈ.

ಆ ಕೈಯಲ್ಲಿದ್ದ ಜ್ಞಾನ ಸಣ್ಣದಲ್ಲ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟು ಉಳಿದಿರಬಹುದು, ಅದನ್ನು ಬರಿದು ಮಾಡದೆ ಬೋರ್ಡು ಮುಟ್ಟಬಾರದು. ಹೊಸ ಡಬ್ಬಿಯ ವೋಲ್ಟು ಹಳೆಯದಕ್ಕಿಂತ ಕಡಿಮೆಯಿರಬಾರದು. ಅದು 105 ಡಿಗ್ರಿಯದಾಗಿರಬೇಕು, ಒಳತಡೆ ಕಡಿಮೆಯದಾಗಿರಬೇಕು. ಋಣದ ಪಟ್ಟಿಯನ್ನು ತಿರುಗುಮುರುಗಾಗಿ ಕೂರಿಸಿದರೆ ಸಿಡಿಯುತ್ತದೆ. ಒಂದು ಉಬ್ಬಿದ್ದರೆ ಪಕ್ಕದ, ಚೆನ್ನಾಗಿ ಕಾಣುವ ಅದೇ ಮಾದರಿಯದನ್ನೂ ಬದಲಿಸಬೇಕು. ದೀಪ ಸ್ಥಿರವಾಗಿ ಉರಿದು ಪರದೆ ಮಾತ್ರ ಕಪ್ಪಾಗಿದ್ದರೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಬೇಕು. ಮಸುಕಾಗಿ ಚಿತ್ರ ಕಂಡರೆ ತೊಂದರೆ ಹಿಂಬೆಳಕಿನದು. ಇವೆಲ್ಲ ಕೈಯಿಂದ ಕೈಗೆ, ಹಿಂದಿ, ತಮಿಳು, ಮರಾಠಿ, ಕನ್ನಡ ಎಲ್ಲ ಬೆರೆತ ಅಂಗಡಿಭಾಷೆಯಲ್ಲಿ ದಾಟಿದ ಪಾಠಗಳು. ಇವುಗಳ ಪಠ್ಯಪುಸ್ತಕವನ್ನು ಯಾವ ಮಾನಿಟರ್ ಕಂಪನಿಯೂ ಪೆಟ್ಟಿಗೆಯೊಳಗೆ ಇಟ್ಟು ಕಳುಹಿಸಲಿಲ್ಲ.

ಪೇಟೆಗೆ ಬಾರದ ಮಾನಿಟರುಗಳು ಗುಜರಿಗೆ ಹೋದವು. ಆ ಕಾಲದ ಎಲ್‌ಸಿಡಿಗಳ ಹಿಂಬೆಳಕಿನ ಕೊಳವೆಗಳಲ್ಲಿ ಪಾದರಸವಿತ್ತು. ಇ-ತ್ಯಾಜ್ಯಕ್ಕೆಂದೇ ರೂಪಿಸಿದ ಮೊದಲ ನಿಯಮಗಳು ಭಾರತದಲ್ಲಿ ಜಾರಿಗೆ ಬಂದದ್ದು 2012ರ ಮೇ 1ರಂದು. ಅಷ್ಟರಲ್ಲಿ ಈ ಪಿಡುಗಿನ ಬಹುಪಾಲು ಮುಗಿದಿತ್ತು. ರಿಪೇರಿಯ ಹಕ್ಕಿನ ಬಗ್ಗೆ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ಮಾಡಿದ್ದು, ಅದಕ್ಕೊಂದು ಪೋರ್ಟಲ್ ತೆರೆದದ್ದು 2022ರಲ್ಲಿ.

ಪ್ಲೇಗ್ ಎಂಬ ಹೆಸರು

ಪ್ಲೇಗ್ ಎಂಬ ಪದಕ್ಕೆ ನಮ್ಮ ಊರುಗಳಲ್ಲಿ ಹಳೆಯ ಭಾರವಿದೆ. 1896ರಲ್ಲಿ ಮುಂಬೈ, 1897ರಲ್ಲಿ ಪುಣೆ, 1898ರಲ್ಲಿ ಬೆಂಗಳೂರನ್ನು ಅದು ಕಾಡಿತು. ಬೆಂಗಳೂರಿನಲ್ಲಿ ಪ್ಲೇಗಮ್ಮನಿಗೆ ಗುಡಿಗಳೆದ್ದವು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಅದರ ನಂತರ. ಆ ಪ್ಲೇಗು ಹೊರಗಿನಿಂದ ಬಂದು ಅಂಟುತ್ತಿತ್ತು. ಊರು ಬಿಟ್ಟು ದೂರ ಹೋಗಿ ಅದರಿಂದ ತಪ್ಪಿಸಿಕೊಳ್ಳಬಹುದಿತ್ತು.

ಕೆಪಾಸಿಟರಿನ ರೋಗ ಹಾಗಲ್ಲ. ಒಂದು ಮಾನಿಟರಿನಿಂದ ಇನ್ನೊಂದಕ್ಕೆ ಅದು ಅಂಟುವುದಿಲ್ಲ. ಮೊದಲ ದಿನ ಪೆಟ್ಟಿಗೆ ಬಿಚ್ಚಿ, ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತಾಗಲೇ ಅದು ಒಳಗಿತ್ತು. ಯಾರೋ ಒಂದು ಸೂತ್ರವನ್ನು ಅರೆಬರೆಯಾಗಿ ಬೆರೆಸಿದ್ದರು, ಯಾರೋ ಅದನ್ನು ಅಗ್ಗವೆಂದು ಕೊಂಡಿದ್ದರು, ಯಾರೋ ಕೆಟ್ಟದ್ದು ತಿಳಿದ ಮೇಲೂ ಹೇಳದೆ ಕೂತಿದ್ದರು. ಪ್ಲೇಗ್ ಎಂದಾಗ ಇಷ್ಟು ಜನರೂ ಮರೆಯಾಗಿ, ಆದದ್ದೆಲ್ಲ ಹಣೆಬರಹದಂತೆ ಕಾಣತೊಡಗುತ್ತದೆ. ಅಂಗಡಿಯವರ ಮಾತು ಇದಕ್ಕಿಂತ ನೇರವಾಗಿತ್ತು: ಕೆಪಾಸಿಟರ್ ಉಬ್ಬಿದೆ, ಕಂಪನಿಯವರು ಹಾಕಿದ್ದೇ ಲೋಕಲ್ ಮಾಲು.

ಇಂದಿನ ಮದರ್‌ಬೋರ್ಡುಗಳಲ್ಲಿ ದ್ರವವಿಲ್ಲದ ಪಾಲಿಮರ್ ಕೆಪಾಸಿಟರುಗಳು ಹೆಚ್ಚಾಗಿವೆ. ಮಾನಿಟರುಗಳ ಪಾದರಸದ ಕೊಳವೆಗಳ ಜಾಗಕ್ಕೆ ಎಲ್‌ಇಡಿ ಬಂದಿದೆ. ಆದರೂ ಪವರ್ ಬೋರ್ಡಿನಲ್ಲಿ, ಅಡಾಪ್ಟರುಗಳಲ್ಲಿ, ಎಲ್‌ಇಡಿ ಬಲ್ಬಿನ ಬುಡದಲ್ಲಿ ಅದೇ ಅಲ್ಯುಮಿನಿಯಂ ಡಬ್ಬಿ ಇನ್ನೂ ನಿಂತಿದೆ. ಅಟ್ಟದ ಮೇಲೆ ಹಳೆಯ ಮಾನಿಟರ್ ಇರುವವರು ಅದನ್ನು ಗುಜರಿಗೆ ಹಾಕುವ ಮೊದಲು ಕೇಬಲ್ ಬದಲಿಸಿ ಒಮ್ಮೆ ಗುಂಡಿ ಒತ್ತಿ ನೋಡಬಹುದು. ದೀಪ ಮಿನುಗಿ ಆರಿದರೆ, ಬೆಡ್‌ಶೀಟಿನಲ್ಲಿ ಸುತ್ತಿ ಒಯ್ಯಲು ಆ ಬೀದಿಗಳು ಈಗಲೂ ಇವೆ.